ತಿಂದೂ ಬಡವಾಗುವ ಮುದಿ ಬೆಕ್ಕು

ನಮ್ಮ ಅಟ್ಟದ ಭತ್ತ ಇಲಿಗಳ ಪಾಲಾಗದೆ ಉಳಿದದ್ದು ಚಿಕ್ಕಿಯಿಂದ. ಹನ್ನೆರಡು ವರ್ಷ ತುಂಬಿದ ಮೇಲೆ ಈ ಬೆಕ್ಕಿಗೆ ಹಸಿವೋ ಹಸಿವು. ಮೊದಲಿಗಿಂತ ಎರಡು ಪಟ್ಟು ತಿಂದರೂ ಮೈ ಇಳಿಯುತ್ತಾ ಬಂತು. ರಾತ್ರಿಯಿಡೀ ಕೂಗಾಟ, ಆಗಾಗ ವಾಂತಿ. ಹುಳ ಇರಬೇಕೆಂದು ಮದ್ದು ಹಾಕಿದೆ. "ವಯಸ್ಸಾಯ್ತಲ್ಲ, ಬಿಡಿ" ಅಂದರು ಮನೆಯವರು. ಹೀಗೆ ನಾಲ್ಕು ತಿಂಗಳು ಹಾಳಾಯಿತು.

ಕೊನೆಗೆ ಪಶುವೈದ್ಯರಲ್ಲಿಗೆ ಒಯ್ದೆ. ಎದೆಬಡಿತ ನಿಮಿಷಕ್ಕೆ 240. ಗಂಟಲಿನ ಹತ್ತಿರ ಅವರೆಕಾಳಿನಷ್ಟು ಗಂಟು. "ಇದು ಥೈರಾಯ್ಡ್ ಮಾರಾಯ್ರೆ" ಅಂದರು. ರಕ್ತ ಪರೀಕ್ಷೆಯಲ್ಲಿ ಟಿ-4 ಹೆಚ್ಚಿತ್ತು.

ಕಾರಣವೇನು?
ಕುತ್ತಿಗೆಯ ಥೈರಾಯ್ಡ್ ಗ್ರಂಥಿ ಬೆಳೆದು ಹಾರ್ಮೋನನ್ನು ಅತಿಯಾಗಿ ಸುರಿಸುತ್ತದೆ. ತಿಂದದ್ದೆಲ್ಲ ಉರಿದು ಹೋಗುತ್ತದೆ, ಹೃದಯ ದಣಿಯುತ್ತದೆ. ಹೆಚ್ಚಾಗಿ ಈ ಗಂಟು ಕ್ಯಾನ್ಸರ್ ಅಲ್ಲ. ಹತ್ತು ದಾಟಿದ ಬೆಕ್ಕುಗಳಲ್ಲಿ ಇದು ಜಾಸ್ತಿ.

ಚಿಕಿತ್ಸೆ
ಮನುಷ್ಯರಿಗೂ ಕೊಡುವ ಮೆಥಿಮಜೋಲ್ ಮಾತ್ರೆ ಬರೆದರು. ಆರಂಭಕ್ಕೆ 2.5 ಮಿಲಿಗ್ರಾಂ, ದಿನಕ್ಕೆರಡು ಸಲ. ಮೂರು ವಾರ ಬಿಟ್ಟು ಪುನಃ ರಕ್ತ ನೋಡಿ ಪ್ರಮಾಣ ಸರಿಪಡಿಸಿದರು. ಮೂತ್ರಪಿಂಡವನ್ನೂ ಆಗಲೇ ನೋಡಬೇಕು. ಥೈರಾಯ್ಡ್ ಜೋರಾಗಿರುವಾಗ ಮರೆಯಲ್ಲಿದ್ದ ಅದರ ರೋಗ ಚಿಕಿತ್ಸೆಯ ನಂತರ ಹೊರಬೀಳುವುದುಂಟು. ಗ್ರಂಥಿಯನ್ನು ಆಪರೇಷನ್ ಮಾಡಿ ತೆಗೆಯಲೂ ಬರುತ್ತದೆ. ಅಮೆರಿಕ, ಇಂಗ್ಲೆಂಡುಗಳಲ್ಲಿ ವಿಕಿರಣಶೀಲ ಅಯೋಡಿನ್ನಿನ ಒಂದೇ ಇಂಜೆಕ್ಷನ್ನಿನಿಂದ ಹೆಚ್ಚಿನ ಬೆಕ್ಕುಗಳು ಗುಣವಾಗುತ್ತವೆ.

ನಾನು ಮಾಡಿದ ತಪ್ಪು
ಎರಡು ತಿಂಗಳಲ್ಲಿ ಚಿಕ್ಕಿ ಮೈದುಂಬಿಕೊಂಡಿತು. ಗುಣವಾಯಿತಲ್ಲ ಅಂತ ಮಾತ್ರೆ ನಿಲ್ಲಿಸಿದೆ. ಮೂರೇ ವಾರದಲ್ಲಿ ಹಳೇ ಕತೆ! ಮಾತ್ರೆ ಹಾರ್ಮೋನನ್ನು ತಡೆಯುತ್ತದೆ, ಗಂಟನ್ನು ಕರಗಿಸುವುದಿಲ್ಲ. ಹಾಗಾಗಿ ಬದುಕಿರುವ ತನಕ ಕೊಡಬೇಕು.

ನೆನಪಿಡಿ
* ಮನೆಯಲ್ಲಿ ಯಾರದೋ ಥೈರಾಯ್ಡ್ ಮಾತ್ರೆ ಇದೆಯೆಂದು ಕೊಡಬೇಡಿ. ಮನುಷ್ಯರಲ್ಲಿ ಹೆಚ್ಚಿನವರು ನುಂಗುವುದು ಹಾರ್ಮೋನು ಹೆಚ್ಚಿಸುವ ಮಾತ್ರೆ. ಬೆಕ್ಕಿಗೆ ಅದು ಉರಿಯುವ ಬೆಂಕಿಗೆ ತುಪ್ಪ.
* ಮಾತ್ರೆ ಶುರುವಾದ ಮೇಲೆ ವಾಂತಿ, ಊಟ ಬಿಡುವುದು, ಮುಖ ಕೆರೆದುಕೊಳ್ಳುವುದು ಕಂಡರೆ ತಕ್ಷಣ ವೈದ್ಯರಿಗೆ ತಿಳಿಸಿ.
* ಬಸುರಿಯರು ಈ ಮಾತ್ರೆ ಮುಟ್ಟಬಾರದು. ಉಳಿದವರೂ ಕೈಚೀಲ ಹಾಕಿಯೇ ಮುಟ್ಟಬೇಕು.

ಚಿಕ್ಕಿಗೀಗ ಹದಿನಾಲ್ಕು. ಬೆಳಿಗ್ಗೆ, ಸಂಜೆ ಮೀನಿನ ತುಂಡಿನೊಳಗೆ ಮಾತ್ರೆ ಇಟ್ಟು ಕೊಡುತ್ತೇನೆ. ಖರ್ಚು ಉಂಟು, ಅಟ್ಟದಲ್ಲಿ ಬೆಕ್ಕೂ ಉಂಟು. ನಿಮ್ಮ ಮುದಿ ಬೆಕ್ಕು ತಿಂದೂ ಬಡವಾದರೆ ನನ್ನ ಹಾಗೆ ನಾಲ್ಕು ತಿಂಗಳು ಕಾಯಬೇಡಿ.