ಲೋಹವನ್ನು ಕೊಯ್ಯುವ ಉಳಿಯ ಕೋನಗಳು

ಸೌದೆ ಒಡೆಯುವುದನ್ನು ನಾವೆಲ್ಲರೂ ನೋಡಿದ್ದೇವೆ. ಕೊಡಲಿಯ ಬಾಯಿ ಕೊರಡಿನೊಳಕ್ಕೆ ಸ್ವಲ್ಪ ಇಳಿಯುತ್ತಲೇ ಸೀಳು ಅದಕ್ಕಿಂತ ಮುಂದಾಗಿ ಓಡುತ್ತದೆ. ಲೇತ್ ಯಂತ್ರದಲ್ಲಿ ಉಕ್ಕಿನ ಸರಳು ತಿರುಗುತ್ತಿರುವಾಗ ಉಳಿಯ ಮುಂದೆ ಸಿಪ್ಪೆ ಸುರುಳಿಸುರುಳಿಯಾಗಿ ಏಳುವುದನ್ನು ಕಂಡವರು, ಇಲ್ಲಿಯೂ ಅದೇ ಕ್ರಿಯೆ ನಡೆಯುತ್ತಿದೆಯೆಂದು ಭಾವಿಸುವುದು ಸಹಜ. ಹಾಗಿದ್ದಲ್ಲಿ ಉಳಿ ಹರಿತವಾದಷ್ಟೂ ಒಳ್ಳೆಯದೆಂದಾಗಬೇಕು. ನಾವು ವಿದ್ಯಾರ್ಥಿಗಳಾಗಿದ್ದಾಗ ಹೀಗೆಯೇ ಎಣಿಸಿ, ಪ್ರಯೋಗಶಾಲೆಯ ಉಪಕರಣವೊಂದಕ್ಕೆ ಉಕ್ಕಿನ ಕೀಲು ಮಾಡುವ ಸಲುವಾಗಿ, ಉಳಿಯೊಂದನ್ನು ಸಾಣೆಚಕ್ರಕ್ಕೆ ಹಿಡಿದು ಚಾಕುವಿನಂತೆ ತೆಳ್ಳಗೆ ಮಾಡಿದೆವು. ಸರಳು ಕೆಲವು ಸುತ್ತು ತಿರುಗುವಷ್ಟರಲ್ಲಿ ಉಳಿಯ ಮೊನೆ ಮುರಿದುಬಿತ್ತು, ಕೀಲು ಕೆಟ್ಟಿತು. ನಮ್ಮ ತಪ್ಪು ಎಲ್ಲಿತ್ತೆಂಬುದನ್ನು ಅರಿಯಬೇಕಾದರೆ ಉಳಿಯ ರೇಖಾಗಣಿತವನ್ನು ಪರಿಶೀಲಿಸಬೇಕು.

ಮೂರು ಕೋನಗಳು

ತಿರುಗುವ ಸರಳಿಗೆ ಉಳಿಯ ಅಲಗು ತಾಗುವ ಬಿಂದುವಿನಲ್ಲಿ ಎರಡು ರೇಖೆಗಳನ್ನು ಕಲ್ಪಿಸಿಕೊಳ್ಳೋಣ. ಒಂದು, ಲೋಹ ಚಲಿಸುವ ದಿಕ್ಕಿನಲ್ಲಿರುವ ಸ್ಪರ್ಶರೇಖೆ; ಇನ್ನೊಂದು, ಅದಕ್ಕೆ ಲಂಬವಾದ ರೇಖೆ. ಸಿಪ್ಪೆಯು ಉಳಿಯ ಯಾವ ಮುಖದ ಮೇಲೆ ಜಾರಿ ಹೋಗುವುದೋ ಆ ಮುಖವು ಲಂಬರೇಖೆಯಿಂದ ಹಿಂದಕ್ಕೆ ವಾಲಿರುವ ಕೋನವನ್ನು ಓರೆಕೋನವೆನ್ನೋಣ. ಉಳಿಯ ಇನ್ನೊಂದು ಮುಖವು, ಆಗತಾನೆ ಕೊಯ್ದ ಮೈಯನ್ನು ಉಜ್ಜದಂತೆ, ಸ್ಪರ್ಶರೇಖೆಯಿಂದ ದೂರ ಸರಿದಿರುವ ಕೋನವೇ ತೆರಪುಕೋನ. ಈ ಎರಡು ಮುಖಗಳ ನಡುವಣ ಕೋನವು ಬೆಣೆಕೋನ. ಉಳಿಯ ಬಲವೆಲ್ಲ ಇದರಲ್ಲಿದೆ.

ಈ ಮೂರರ ಮೊತ್ತ ಯಾವಾಗಲೂ 90 ಡಿಗ್ರಿ. ಆದುದರಿಂದ ಒಂದಕ್ಕೆ ಹೆಚ್ಚು ಕೊಟ್ಟರೆ ಇನ್ನೊಂದರಿಂದ ಕಳೆಯಲೇಬೇಕು. ಮೆದು ಉಕ್ಕಿಗೆಂದು ಓರೆಕೋನವನ್ನು 15 ಡಿಗ್ರಿಯೂ ತೆರಪುಕೋನವನ್ನು 8 ಡಿಗ್ರಿಯೂ ಇಟ್ಟರೆ ಬೆಣೆಗೆ 67 ಡಿಗ್ರಿ ಉಳಿಯುತ್ತದೆ. ನಾವಾದರೋ ಓರೆಕೋನವನ್ನು 40ರಷ್ಟು ಮಾಡಿ ಬೆಣೆಗೆ 42ನ್ನು ಮಾತ್ರ ಉಳಿಸಿದ್ದೆವು. ಅಷ್ಟು ತೆಳುವಾದ ಮೊನೆ ಉಕ್ಕಿನ ಒತ್ತಡವನ್ನು ತಾಳಲಿಲ್ಲ. ತೆರಪುಕೋನವನ್ನೇ ಕಳೆದುಬಿಟ್ಟರೆ ಆಗದೆ? ಆಗದು. ಆಗ ಉಳಿ ಕೊಯ್ಯುವುದನ್ನು ಬಿಟ್ಟು ಉಜ್ಜತೊಡಗುತ್ತದೆ.

ಸಿಪ್ಪೆ ಏಳುವ ಬಗೆ

ಹಾಗಾದರೆ ಓರೆಕೋನದ ಪ್ರಯೋಜನವೇನು? ಲೋಹವು ಸೌದೆಯಂತೆ ಸೀಳುವುದಿಲ್ಲ. ಉಳಿಯ ಮುಂದಿರುವ ಲೋಹವು ಒತ್ತಡಕ್ಕೆ ಸಿಕ್ಕಿ, ಅಲಗಿನಿಂದ ಮೇಲ್ಮೈಯವರೆಗೆ ಓರೆಯಾಗಿ ಹೋಗುವ ಒಂದು ಸಮತಲದಲ್ಲಿ ಪದರಪದರವಾಗಿ ಜಾರುತ್ತದೆ. ಇಸ್ಪೀಟೆಲೆಗಳ ಕಟ್ಟನ್ನು ಓರೆಯಾಗಿ ತಳ್ಳಿದಾಗ ಎಲೆಗಳು ಒಂದರ ಮೇಲೊಂದು ಸರಿಯುವಂತೆ ಇದನ್ನು ಊಹಿಸಿಕೊಳ್ಳಬಹುದು. 1881ರಲ್ಲಿಯೇ ಇಂಗ್ಲೆಂಡಿನ ಮ್ಯಾಲಕ್ ಈ ಜಾರುವಿಕೆಯನ್ನು ಗುರುತಿಸಿದ್ದನು. 1945ರಲ್ಲಿ ಅಮೆರಿಕದ ಮರ್ಚೆಂಟ್ ಇದರ ಬಲಗಳಿಗೆ ಗಣಿತದ ರೂಪವನ್ನು ಕೊಟ್ಟನು.

ಜಾರುವ ಸಮತಲವು ಲೋಹದ ಚಲನೆಯ ದಿಕ್ಕಿನೊಡನೆ ಮಾಡುವ ಕೋನವನ್ನು ನಾವೇ ಅಳೆಯಬಹುದು. ಓರೆಕೋನ ಶೂನ್ಯವಾಗಿರುವ, ನೇರ ಅಲಗಿನ ಉಳಿಯಿಂದ ಅಲ್ಯೂಮಿನಿಯಂ ಕೊಳವೆಯ ತುದಿಯನ್ನು ಕೊಯ್ಯಬೇಕು. ಒಂದು ಸುತ್ತಿಗೆ ಉಳಿ ಮುಂದುವರಿಯುವ ದೂರವೇ ಕೊಯ್ಯುವ ಪದರದ ದಪ್ಪ. ಯಂತ್ರ ನಿಂತ ಮೇಲೆ ಸಿಪ್ಪೆಯನ್ನು ಇಕ್ಕಳದಿಂದ ಎತ್ತಿಕೊಂಡು (ಅದರ ಅಂಚು ಬೆರಳನ್ನು ಕೊಯ್ದೀತು!) ಸ್ಕ್ರೂ ಗೇಜಿನಿಂದ ಹಲವೆಡೆ ಅಳೆದು ಸರಾಸರಿ ತೆಗೆಯಬೇಕು. ಸಿಪ್ಪೆಯು ಕೊಯ್ದ ಪದರಕ್ಕಿಂತ ದಪ್ಪವಾಗಿರುವುದನ್ನು ಕಂಡು ವಿದ್ಯಾರ್ಥಿಗಳು ಆಶ್ಚರ್ಯಪಡಬಹುದು. ಲೋಹವು ಸೀಳಿ ಬಂದಿದ್ದರೆ ಹೀಗಾಗುತ್ತಿರಲಿಲ್ಲ.

ಜಾರುವ ಸಮತಲದ ಉದ್ದವನ್ನು ಕರ್ಣವೆಂದಿಟ್ಟುಕೊಂಡರೆ, ಪದರದ ದಪ್ಪವು ಕರ್ಣ ಮತ್ತು ಜಾರುಕೋನದ ಸೈನ್, ಇವುಗಳ ಗುಣಲಬ್ಧ. ಸಿಪ್ಪೆಯ ದಪ್ಪವು ಕರ್ಣ ಮತ್ತು ಕೊಸೈನ್‌ಗಳ ಗುಣಲಬ್ಧ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಜಾರುಕೋನದ ಟ್ಯಾಂಜೆಂಟ್ ದೊರೆಯುತ್ತದೆ. ಪದರ 0.2 ಮಿಲಿಮೀಟರ್, ಸಿಪ್ಪೆ 0.6 ಮಿಲಿಮೀಟರ್ ಇದ್ದರೆ ಟ್ಯಾಂಜೆಂಟ್ ಮೂರನೆಯ ಒಂದು ಪಾಲು; ಕೋನ ಸುಮಾರು 18 ಡಿಗ್ರಿ. ಓರೆಕೋನವನ್ನು ಹೆಚ್ಚಿಸಿದಂತೆ ಸಾಮಾನ್ಯವಾಗಿ ಜಾರುಕೋನವೂ ಹೆಚ್ಚಿ, ಜಾರುವ ಸಮತಲ ಚಿಕ್ಕದಾಗಿ, ಸಿಪ್ಪೆ ತೆಳುವಾಗುತ್ತದೆ. ಬೇಕಾದ ಬಲವೂ ಹುಟ್ಟುವ ಶಾಖವೂ ತಗ್ಗುತ್ತವೆ. ಓರೆಕೋನದ ಲಾಭ ಇದೇ. ಆ ಲಾಭಕ್ಕೆ ತೆರಬೇಕಾದ ಬೆಲೆ ಬೆಣೆಯ ಬಲ.

ಶಾಖದ ಮಾತು

ಮೊಂಡು ಉಳಿಯ ಪರಿಣಾಮಕ್ಕೆ ಭೌತಶಾಸ್ತ್ರದ ಚರಿತ್ರೆಯಲ್ಲಿಯೇ ಪ್ರಸಿದ್ಧವಾದ ನಿದರ್ಶನವಿದೆ. ಮ್ಯೂನಿಕ್ ನಗರದಲ್ಲಿ ತೋಪುಗಳನ್ನು ಕೊರೆಯಿಸುತ್ತಿದ್ದ ಕೌಂಟ್ ರಂಫರ್ಡ್ ಬೇಕೆಂದೇ ಮೊಂಡಾದ ಬೈರಿಗೆಯನ್ನು ಬಳಸಿದನು. ಎರಡೂವರೆ ಗಂಟೆಯಲ್ಲಿ ಸುತ್ತಲಿನ ನೀರು ಬೆಂಕಿಯಿಲ್ಲದೆ ಕುದಿಯಿತು. ಕೊರೆದು ಬಂದ ಲೋಹವಾದರೋ ಅತ್ಯಲ್ಪ. 1798ರಲ್ಲಿ ಪ್ರಕಟವಾದ ಈ ಪ್ರಯೋಗ ಶಾಖದ ಸ್ವರೂಪವನ್ನು ತಿಳಿಯಲು ನೆರವಾಯಿತು. ಕಾರ್ಖಾನೆಯಲ್ಲಿ ಅದೇ ಶಾಖವು ಉಳಿಯ ಶತ್ರು. ಅಮೆರಿಕದ ಫ್ರೆಡರಿಕ್ ಟೇಲರ್ 26 ವರ್ಷಗಳ ಕಾಲ ಉಳಿಯ ಆಕಾರ, ವೇಗ, ಬಾಳಿಕೆಗಳನ್ನು ಕುರಿತು ಪ್ರಯೋಗ ನಡೆಸಿ 1906ರಲ್ಲಿ ಫಲಿತಾಂಶಗಳನ್ನು ಮಂಡಿಸಿದುದು ಈ ಶತ್ರುವನ್ನು ಹತೋಟಿಗೆ ತರುವುದಕ್ಕಾಗಿಯೇ.

ಲೋಹಕ್ಕೆ ತಕ್ಕ ಕೋನ

ಎಲ್ಲ ಲೋಹಗಳಿಗೂ ಒಂದೇ ಕೋನ ಸಲ್ಲದು. ಮೆದುವಾದ ಅಲ್ಯೂಮಿನಿಯಂ ದೊಡ್ಡ ಓರೆಕೋನವನ್ನು ಬೇಡುತ್ತದೆ. ಪುಡಿಪುಡಿಯಾಗಿ ಉದುರುವ ಎರಕದ ಕಬ್ಬಿಣಕ್ಕೆ ಸಣ್ಣದು ಸಾಕು. ಹಿತ್ತಾಳೆಗೆ ಶೂನ್ಯವೇ ಲೇಸು. ಓರೆ ಹೆಚ್ಚಾದರೆ ಉಳಿ ತಾನಾಗಿ ಲೋಹದೊಳಕ್ಕೆ ಸೆಳೆಯಲ್ಪಡುತ್ತದೆ.

ಉಳಿಯ ವಸ್ತುವೂ ಗಣನೆಗೆ ಬರುತ್ತದೆ. ಟಂಗ್‌ಸ್ಟನ್ ಕಾರ್ಬೈಡ್ ಬಹು ಕಠಿಣ, ಆದರೆ ಪೆಡಸು. ಒತ್ತಿದರೆ ತಾಳುತ್ತದೆ, ಬಾಗಿಸಿದರೆ ಮುರಿಯುತ್ತದೆ. ಆದುದರಿಂದ ಅದರ ಮುಖವನ್ನು ಹಿಂದಕ್ಕೆ ವಾಲಿಸುವ ಬದಲು ಮುಂದಕ್ಕೇ ವಾಲಿಸುವುದುಂಟು. ಓರೆಕೋನ ಋಣ 6 ಡಿಗ್ರಿ, ತೆರಪುಕೋನ 6 ಡಿಗ್ರಿ ಆದಾಗ ಬೆಣೆಗೆ ಪೂರ್ತಿ 90 ಡಿಗ್ರಿ ದೊರೆಯುತ್ತದೆ. ಅಲಗು ಇಟ್ಟಿಗೆಯ ಅಂಚಿನಂತೆ ಚೌಕ! ಅಂಥ ತುಂಡಿನ ಒಂದು ಮುಖ ಸವೆದರೆ ಮಗುಚಿ ಇನ್ನೊಂದು ಮುಖವನ್ನು ಬಳಸಬಹುದು. ಬಲ ಹೆಚ್ಚು ಬೇಕಾಗುವುದು ನಿಜ. ಅದನ್ನು ಒದಗಿಸಲು ಯಂತ್ರವೂ ಗಟ್ಟಿಯಾಗಿರಬೇಕು.

ಚಾಕುವಿನಂತಿದ್ದ ನಮ್ಮ ಉಳಿ ಮುರಿಯಿತು. ಇಟ್ಟಿಗೆಯ ಅಂಚಿನಂಥ ಅಲಗು ಉಕ್ಕನ್ನು ಕೊಯ್ಯುತ್ತದೆ. ಹರಿತವೆಂಬುದು 90 ಡಿಗ್ರಿಯನ್ನು ಮೂವರಿಗೆ ಹಂಚುವ ಲೆಕ್ಕ. ಕೊಯ್ಯುವ ಲೋಹ, ಉಳಿಯ ವಸ್ತು, ಯಂತ್ರದ ಶಕ್ತಿ ಈ ಮೂರನ್ನೂ ತಿಳಿದು ಹಂಚುವವನೇ ನಿಪುಣ. ಮುಂದೆ ಕಾರ್ಯಾಗಾರಕ್ಕೆ ಹೋದಾಗ ನೆಲದ ಮೇಲೆ ಬಿದ್ದ ಸಿಪ್ಪೆಯೊಂದನ್ನು ಅಳೆದು ನೋಡಿರಿ. ಆ ಹಂಚಿಕೆ ಸರಿಯಾಗಿತ್ತೇ ಎಂಬುದರ ಸುಳಿವು ಅದರಲ್ಲಿ ಸಿಕ್ಕೀತು.