ಯೋಬನೂ ಹರಿಶ್ಚಂದ್ರನೂ

ಚಾಮರಾಜಪೇಟೆಯ ನಮ್ಮ ಬೀದಿಯಲ್ಲಿ ಒಬ್ಬ ಕ್ರೈಸ್ತ ಮಹಿಳೆ ಇದ್ದಾರೆ. ಹಿಂದೆ ಶಾಲೆಯಲ್ಲಿ ಉಪಾಧ್ಯಾಯಿನಿಯಾಗಿದ್ದುದರಿಂದ ಬೀದಿಗೆಲ್ಲ ಅವರು ಟೀಚರಮ್ಮ. 2021ರ ಮೇ ತಿಂಗಳಿನಲ್ಲಿ ಅವರ ಯಜಮಾನರು ಕೋವಿಡ್ ವ್ಯಾಧಿಯಿಂದ ಆಸ್ಪತ್ರೆ ಸೇರಿ, ಹನ್ನೊಂದು ದಿನವಿದ್ದು ತೀರಿಕೊಂಡರು. ಆ ಹನ್ನೊಂದು ದಿನವೂ ಟೀಚರಮ್ಮ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದುದು ನಮ್ಮ ಮನೆಯವರಿಗೆಲ್ಲ ಗೊತ್ತು. ಆಮೇಲೆ ಅವರ ಬಂಧುಗಳಲ್ಲೊಬ್ಬರು ಫೋನು ಮಾಡಿ, ನಂಬಿಕೆ ಇನ್ನಷ್ಟು ಗಟ್ಟಿಯಾಗಿದ್ದರೆ ಹೀಗಾಗುತ್ತಿರಲಿಲ್ಲವೇನೋ ಎಂದರಂತೆ. ಅದನ್ನು ನಮ್ಮ ತಾಯಿಗೆ ಹೇಳುತ್ತ ಟೀಚರಮ್ಮ, "ಇವರೆಲ್ಲ ಯೋಬನ ಸ್ನೇಹಿತರು ಕಣ್ರೀ" ಎಂದು ಸುಮ್ಮನಾದರು.

ಯೋಬನಾರೆಂಬುದು ನನಗೆ ತಿಳಿದಿರಲಿಲ್ಲ. ತಿಳಿಯಬೇಕೆಂದು ಟೀಚರಮ್ಮನವರಿಂದಲೇ ಕನ್ನಡ ಸತ್ಯವೇದವನ್ನು ಕಡ ತಂದು ಓದಿದೆ. ಓದಿದಾಗ ತೋರಿದ ಕೆಲವು ವಿಚಾರಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಕ್ರೈಸ್ತನಲ್ಲ, ಆದುದರಿಂದ ತಪ್ಪಿದ್ದರೆ ಬಲ್ಲವರು ತಿದ್ದಬೇಕು.

ಯೋಬನ ಗ್ರಂಥವು ಹಳೆಯ ಒಡಂಬಡಿಕೆಯಲ್ಲಿದೆ, 42 ಅಧ್ಯಾಯಗಳು. ಕಥೆಯ ಆರಂಭವನ್ನು ಓದುತ್ತಲೇ ಕನ್ನಡ ವಿದ್ಯಾರ್ಥಿಗೆ ರಾಘವಾಂಕನ ನೆನಪಾಗದಿರದು. ಹರಿಶ್ಚಂದ್ರಕಾವ್ಯದಲ್ಲಿ ಇಂದ್ರನ ಸಭೆ. ಅಲ್ಲಿ ವಸಿಷ್ಠ ವಿಶ್ವಾಮಿತ್ರರಿಗೆ ವಾದ ಹತ್ತುತ್ತದೆ, ಪಂತವಾಗುತ್ತದೆ, ಅದರ ಫಲವನ್ನು ಭೂಮಿಯ ಮೇಲೆ ಹರಿಶ್ಚಂದ್ರನು ಉಣ್ಣುತ್ತಾನೆ. ಇಲ್ಲಿಯೂ ದೇವರ ಮುಂದೊಂದು ಸಭೆ. ಅಲ್ಲಿಗೆ ಸೈತಾನನು ಬರುತ್ತಾನೆ. ಯೋಬನ ಭಕ್ತಿಯೆಲ್ಲ ಅವನ ಐಶ್ವರ್ಯ ಇರುವ ತನಕ, ಅದನ್ನು ಕಿತ್ತುಕೊಂಡರೆ ಆಮೇಲೆ ನೋಡಬೇಕು ಎಂಬುದು ಅವನ ವಾದ. ಒಂದೇ ದಿನದಲ್ಲಿ ಯೋಬನ ದನಕರು, ಕುರಿ, ಒಂಟೆಗಳೆಲ್ಲ ಹೋಗುತ್ತವೆ. ಏಳು ಗಂಡು, ಮೂರು ಹೆಣ್ಣು ಮಕ್ಕಳು ಮನೆ ಕುಸಿದು ಸಾಯುತ್ತಾರೆ. ತರುವಾಯ ಮೈತುಂಬ ಹುಣ್ಣು. ಬೂದಿಯಲ್ಲಿ ಕುಳಿತು ಬೋಕಿಯಿಂದ ಮೈ ಕೆರೆದುಕೊಳ್ಳುವ ಸ್ಥಿತಿ.

ಇಲ್ಲಿಯವರೆಗೆ ಎರಡೂ ಒಂದೇ ದಾರಿ. ಮುಂದೆ ದಾರಿ ಒಡೆಯುತ್ತದೆ. ಹರಿಶ್ಚಂದ್ರನು ಕಾಶಿಯ ಮಸಣವನ್ನು ಕಾಯುವಾಗಲೂ ತನ್ನ ಸತ್ಯವನ್ನು ಬಿಡುವುದಿಲ್ಲ, ದೇವರ ಮೇಲೆ ದಾವೆ ಹೂಡುವುದೂ ಇಲ್ಲ. ಅತ್ತು ಕರೆಯುವ ಹೊರೆಯೆಲ್ಲ ಲೋಹಿತಾಶ್ವನ ಹೆಣದ ಮುಂದೆ ಕುಳಿತ ಚಂದ್ರಮತಿಯದು. ಯೋಬನಾದರೋ ಆರಂಭದಲ್ಲಿ ತಾಳ್ಮೆಯಿಂದಿದ್ದು, ಮೂರನೆಯ ಅಧ್ಯಾಯದಲ್ಲಿ ಬಾಯಿ ತೆರೆದು ತಾನು ಹುಟ್ಟಿದ ದಿನವನ್ನೇ ಶಪಿಸುತ್ತಾನೆ. ಆಮೇಲೆ ಅವನ ಮಾತು ನಿಲ್ಲುವುದೇ ಇಲ್ಲ. ದೇವರು ತನಗೆ ಅನ್ಯಾಯ ಮಾಡಿದನೆನ್ನುತ್ತಾನೆ; ಎದುರಿಗೆ ಬಂದು ಉತ್ತರ ಕೊಡಲಿ ಎನ್ನುತ್ತಾನೆ. 'ಯೋಬನ ತಾಳ್ಮೆ' ಎಂಬ ಮಾತು ಹೇಗೆ ಹುಟ್ಟಿತೋ ಕಾಣೆ. ಹುಟ್ಟಿಸಿದವರು ಮೊದಲೆರಡು ಅಧ್ಯಾಯಗಳನ್ನು ಮಾತ್ರ ಓದಿದವರಿರಬೇಕು!

ಇನ್ನು ಸ್ನೇಹಿತರ ವಿಷಯ. ಮೂವರು ಗೆಳೆಯರು ಯೋಬನನ್ನು ಕಾಣಲು ಬರುತ್ತಾರೆ. ಬಂದವರು ಅವನ ದುಃಖವನ್ನು ಕಂಡು ಏಳು ಹಗಲು ಏಳು ರಾತ್ರಿ ಅವನೊಡನೆ ನೆಲದ ಮೇಲೆ ಕುಳಿತಿರುತ್ತಾರೆ. ಒಬ್ಬರೂ ಒಂದು ಮಾತಾಡುವುದಿಲ್ಲ. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಮಾತಾಡತೊಡಗಿದ ಮೇಲೆ, ದೇವರು ನ್ಯಾಯವಂತ, ನಿನಗೆ ಕಷ್ಟ ಬಂದಿದೆ, ಆದಕಾರಣ ನೀನು ಪಾಪ ಮಾಡಿರಲೇಬೇಕು ಎಂದು ತರ್ಕ ಹೂಡುತ್ತಾರೆ. ತರ್ಕಶಾಸ್ತ್ರದ ತರಗತಿಯಲ್ಲಿ ಇದಕ್ಕೆ ಅಂಕ ಸಿಗಬಹುದು. ಗ್ರಂಥದ ಕೊನೆಯಲ್ಲಿ ದೇವರೇ ಆ ಮೂವರ ಮೇಲೆ ಸಿಟ್ಟಾಗಿ, ತನ್ನ ವಿಷಯವಾಗಿ ಸರಿಯಾಗಿ ಮಾತಾಡಿದವನು ಯೋಬನೇ ಹೊರತು ಅವರಲ್ಲವೆಂದು ತೀರ್ಪು ಕೊಡುತ್ತಾನೆ. ದೇವರ ಪಕ್ಷ ವಹಿಸಿ ವಾದಿಸಿದವರು ಸೋತರು. ದೇವರೊಡನೆ ಜಗಳವಾಡಿದವನು ಗೆದ್ದನು. ಇಂಥ ತೀರ್ಪನ್ನು ನಾನು ಬೇರೆಲ್ಲಿಯೂ ಓದಿರಲಿಲ್ಲ.

ಯೋಬನ ಪ್ರಶ್ನೆಗೆ ದೇವರು ಉತ್ತರ ಕೊಟ್ಟನೆ? ಇಲ್ಲ. ಬಿರುಗಾಳಿಯೊಳಗಿಂದ ಮಾತಾಡುತ್ತಾನೆ, ಭೂಮಿಗೆ ಅಸ್ತಿವಾರ ಹಾಕಿದಾಗ ನೀನೆಲ್ಲಿದ್ದೆ ಎಂಬಂಥ ಪ್ರಶ್ನೆಗಳನ್ನೇ ಒಂದರ ಮೇಲೊಂದು ಕೇಳುತ್ತಾನೆ. ಪಂತದ ಸುದ್ದಿಯನ್ನು ಮಾತ್ರ ಎತ್ತುವುದಿಲ್ಲ. ಹರಿಶ್ಚಂದ್ರನ ಕಥೆಯ ಕೊನೆಗೆ ವಿಶ್ವಾಮಿತ್ರನು ಸೋಲನ್ನೊಪ್ಪುತ್ತಾನೆ, ಲೋಹಿತಾಶ್ವನು ಎದ್ದು ಕೂರುತ್ತಾನೆ. ಯೋಬನಿಗೆ ಕುರಿಗಳು 7 ಸಾವಿರವಿದ್ದದ್ದು 14 ಸಾವಿರವಾಗಿ ಬರುತ್ತವೆ. ಮತ್ತೆ ಹತ್ತು ಮಕ್ಕಳು ಹುಟ್ಟುತ್ತಾರೆ. ಸತ್ತ ಆ ಹತ್ತು ಮಂದಿ ಏಳುವುದಿಲ್ಲ. ಕಾವ್ಯವೆಂದು ನೋಡಿದರೆ ರಾಘವಾಂಕನ ಮುಕ್ತಾಯವೇ ಮನಸ್ಸಿಗೆ ತೃಪ್ತಿ ಕೊಡುವಂಥದು. ಆದರೆ 2021ರ ಮೇ ತಿಂಗಳನ್ನು ಕಂಡ ಮನೆಗಳಿಗೆ ಯೋಬನ ಮುಕ್ತಾಯ ಹೆಚ್ಚು ಪರಿಚಿತ.

ಯೋಬನೊಬ್ಬನೇ ಹೀಗೆಂದು ತಿಳಿಯಬಾರದು. ಸತ್ಯವೇದದ 150 ಕೀರ್ತನೆಗಳಲ್ಲಿ ಗೋಳಿನ ಹಾಡುಗಳು ಬಹಳ. ಅವುಗಳಲ್ಲಿ ಹೆಚ್ಚಿನವು ಕೊನೆಗೆ ಭರವಸೆಗೆ ತಿರುಗುತ್ತವೆ. 88ನೆಯದು ಕತ್ತಲಲ್ಲಿಯೇ ಮುಗಿಯುತ್ತದೆ. ಯೇಸುವು ಗೆತ್ಸೆಮನೆಯ ತೋಟದಲ್ಲಿ ಈ ಸಂಕಟ ತನ್ನಿಂದ ತೊಲಗಲೆಂದು ಬೇಡಿದನು, ತೊಲಗಲಿಲ್ಲ. ಶಿಲುಬೆಯ ಮೇಲೆ ಅವನು ಕೂಗಿದ್ದು 22ನೆಯ ಕೀರ್ತನೆಯ ಮೊದಲ ಮಾತು, ದೇವರು ತನ್ನನ್ನು ಕೈಬಿಟ್ಟನೇಕೆಂಬ ಪ್ರಶ್ನೆ. ಕ್ರೈಸ್ತರು ದೇವರ ಮಗನೆಂದು ನಂಬುವವನ ಬಾಯಲ್ಲಿಯೇ ಈ ಕೂಗು ಬಂದಿರುವಾಗ, ಪ್ರಾರ್ಥನೆ ಫಲಿಸದವರ ನಂಬಿಕೆ ಸಾಲದಾಯಿತೆಂದು ಹೇಳುವ ಅಧಿಕಾರ ಯಾರಿಗಿದೆ?

ದೂರುವುದಕ್ಕೆ ಎಡೆಯಿರುವ ಈ ನಂಬಿಕೆ ಕೆಲಸದಲ್ಲಿ ಹೇಗಿರುತ್ತದೆಂಬುದನ್ನು ನೋಡಲು ಪ್ಲೇಗಿನ ಚರಿತ್ರೆ ಅನುಕೂಲ. ನಮ್ಮೂರಿಗೆ ಪ್ಲೇಗು ಬಂದದ್ದು 1898ರ ಆಗಸ್ಟಿನಲ್ಲಿ. ಕೆಲವು ವರ್ಷ ಮೊದಲೇ ನಕ್ಷೆ ಹಾಕಿದ್ದ ಬಸವನಗುಡಿ, ಮಲ್ಲೇಶ್ವರಗಳಿಗೆ ಪೇಟೆಯ ಜನ ಹೋಗತೊಡಗಿದ್ದು ಆ ಭಯದಿಂದ. ದಂಡು ಬಿಟ್ಟು, ನಗರದ ಜನಸಂಖ್ಯೆ 1891ರಲ್ಲಿ 80,285 ಇದ್ದದ್ದು 1901ರಲ್ಲಿ 69,447ಕ್ಕೆ ಇಳಿಯಿತು. ಊರು ಬಿಟ್ಟವರು ತಪ್ಪು ಮಾಡಿದರೆ? ಈ ಪ್ರಶ್ನೆಯನ್ನು 1527ರಲ್ಲಿ ಜರ್ಮನಿಯ ಮಾರ್ಟಿನ್ ಲೂಥರನಿಗೆ ಕೇಳಿದ್ದರು. ಔಷಧ ಸೇವಿಸುವುದು, ಮನೆಗೆ ಧೂಪ ಹಾಕುವುದು, ಅಗತ್ಯವಿಲ್ಲದ ಕಡೆಗೆ ಹೋಗದಿರುವುದು ಇವೆಲ್ಲ ಸರಿ. ಹಾಗೆ ಮಾಡದವನು ದೇವರನ್ನು ಪರೀಕ್ಷಿಸುತ್ತಾನೆ. ಆದರೆ ತನ್ನನ್ನೇ ನಂಬಿದ ರೋಗಿ ಇರುವಾಗ ಬಿಟ್ಟು ಓಡಕೂಡದು. ಅವನ ಉತ್ತರದ ತಾತ್ಪರ್ಯ ಇದು. ವಿಶ್ವವಿದ್ಯಾನಿಲಯವೇ ಬೇರೆ ಊರಿಗೆ ಹೋದರೂ, ಗರ್ಭಿಣಿ ಹೆಂಡತಿಯೊಡನೆ ಅವನು ವಿಟೆನ್‌ಬರ್ಗಿನಲ್ಲಿಯೇ ಉಳಿದ. ಆ ಡಿಸೆಂಬರಿನಲ್ಲಿ ಹುಟ್ಟಿದ ಹೆಣ್ಣುಮಗು ಎಂಟು ತಿಂಗಳು ತುಂಬುವ ಮೊದಲೇ ತೀರಿಕೊಂಡಿತು.

ನಮ್ಮ ನಾಡಿನಲ್ಲಿಯೇ ಇನ್ನೊಂದು ನಿದರ್ಶನವಿದೆ. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿಗೆ ಯಾರ ಹೆಸರಿದೆಯೋ ಆತನು 1591ರಲ್ಲಿ ರೋಮಿನಲ್ಲಿ ಪ್ಲೇಗಿನ ರೋಗಿಗಳ ಶುಶ್ರೂಷೆ ಮಾಡುತ್ತ, ತನಗೂ ಸೋಂಕು ತಗಲಿ ಸತ್ತವನು. ವಯಸ್ಸು 23, ಹೆಚ್ಚುಕಡಿಮೆ ನಮ್ಮ ವಯಸ್ಸೇ. ಅದೇ ಜೆಸ್ವಿಟ್ ಸಂಘದ ಆಗಸ್ಟಸ್ ಮುಲ್ಲರ್ ಪಾದ್ರಿಗಳು 1880ರಲ್ಲಿ ಕಂಕನಾಡಿಯಲ್ಲಿ ಹೋಮಿಯೋಪತಿ ಔಷಧಾಲಯ ತೆರೆದರು, 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು, 1902ರಲ್ಲಿ ಪ್ಲೇಗು ಬಂದಾಗ ಅದಕ್ಕೂ ಒಂದು ಆಸ್ಪತ್ರೆ ಮಾಡಿದರು. 1910ರಲ್ಲಿ ತೀರಿಕೊಳ್ಳುವವರೆಗೂ ಅವರಿದ್ದದ್ದು ಅಲ್ಲಿಯೇ.

ಟೀಚರಮ್ಮ ಯಜಮಾನರು ಹೋದ ಮೇಲೂ ಭಾನುವಾರ ತಪ್ಪದೆ ಚರ್ಚಿಗೆ ಹೋಗುತ್ತಿದ್ದರು. ಆದರೆ ಒಂದು ವರ್ಷ ಬಾಯಿ ಬಿಟ್ಟು ಹಾಡಲಿಲ್ಲವಂತೆ. ಪುಸ್ತಕ ಹಿಂತಿರುಗಿಸುವಾಗ ಕೊನೆಯ ಅಧ್ಯಾಯದ ಬಗ್ಗೆ ಅವರನ್ನು ಕೇಳಿದೆ. "ಸತ್ತ ಆ ಹತ್ತು ಮಕ್ಕಳ ವಿಷಯ ಇನ್ನೂ ನಂಗೂ ಆತನಿಗೂ ಬಗೆಹರಿದಿಲ್ಲ ಮಗೂ. ದಿನಾ ಕೇಳ್ತಾ ಇರ್ತೀನಿ," ಎಂದರು.

ಹೋದ ವರ್ಷ ನಮ್ಮ ತಾತ ತೀರಿಕೊಂಡಾಗ ಮೊದಲು ಬಂದವರು ಅವರೇ. ಅಡಿಗೆಮನೆಗೆ ಹೋಗಿ ಎಲ್ಲರಿಗೂ ಕಾಫಿ ಮಾಡಿಕೊಟ್ಟರು. ಆಮೇಲೆ ಅಜ್ಜಿಯ ಪಕ್ಕದಲ್ಲಿ ನೆಲದ ಮೇಲೆ ಕುಳಿತರು. ಸಂಜೆಯವರೆಗೂ ಒಂದು ಮಾತಾಡಲಿಲ್ಲ.