ರೀಚಾರ್ಜ್ ಮಾಡಿಸುವ ಮುಂಚೆ ದಿನದ ಲೆಕ್ಕ ಹಾಕಿ

2024ರ ಜುಲೈಯಲ್ಲಿ ಜಿಯೋ, ಏರ್‌ಟೆಲ್, ವಿ ಮೂರೂ ಒಟ್ಟೊಟ್ಟಿಗೇ ದರ ಏರಿಸಿದ ಮೇಲೆ ಮನೆಖರ್ಚಿನಲ್ಲಿ ಮೊಬೈಲಿನ ಪಾಲು ಎದ್ದು ಕಾಣತೊಡಗಿದೆ. ಉಪ್ಪುಂದ, ಬೈಂದೂರು ಕಡೆಯ ಓದುಗರ ಪ್ರಶ್ನೆಗಳಿಗೆ ಈ ಬಾರಿ ಉತ್ತರ.

ಪ್ರಶ್ನೆ: ಬೆಂಗಳೂರಿನಲ್ಲಿ ಹೋಟೆಲ್ ಕೆಲಸದಲ್ಲಿದ್ದೇನೆ. ಊರಲ್ಲಿ ಅಮ್ಮನ ಹತ್ತಿರ ಇರುವುದು ಬಟನ್ ಫೋನ್. ಇಂಟರ್‌ನೆಟ್ ಅವರಿಗೆ ಬೇಡವೇ ಬೇಡ. ಆದರೂ ತಿಂಗಳು ತುಂಬುವ ಮೊದಲೇ 299 ರೂಪಾಯಿ ಹಾಕಬೇಕು. ಎಂತ ಮಾಡೂದ್ ಮಾರಾಯ್ರೆ?
– ಉಪ್ಪುಂದದ ಓದುಗ, ಬೆಂಗಳೂರು

ಉತ್ತರ: 28 ದಿನದ ಪ್ಯಾಕ್ ಎಂದರೆ ವರ್ಷಕ್ಕೆ 12 ಸಲವಲ್ಲ, 13 ಸಲ ರೀಚಾರ್ಜ್. 299ರಂತೆ 3,887 ರೂಪಾಯಿ ಆಯಿತು. ಅದರಲ್ಲಿ ಅರ್ಧದಷ್ಟು ಅಮ್ಮ ಮುಟ್ಟಿಯೂ ನೋಡದ ಡೇಟಾಕ್ಕೆ ಹೋಗುವ ದುಡ್ಡು.

ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2024ರ ಡಿಸೆಂಬರಿನಲ್ಲಿ ನಿಯಮ ತಿದ್ದಿ, ಕರೆ ಮತ್ತು ಎಸ್ಸೆಮ್ಮೆಸ್ ಮಾತ್ರ ಇರುವ ಪ್ಯಾಕನ್ನೂ ಕಂಪನಿಗಳು ಕೊಡಲೇಬೇಕು ಎಂದಿತು. ಅದರಂತೆ 2025ರ ಜನವರಿಯಲ್ಲಿ ಏರ್‌ಟೆಲ್ 84 ದಿನಕ್ಕೆ 469, 365 ದಿನಕ್ಕೆ 1,849 ರೂಪಾಯಿಯ ಪ್ಯಾಕ್ ತಂದಿತು. ಜಿಯೋದ್ದು 84 ದಿನಕ್ಕೆ 448, 336 ದಿನಕ್ಕೆ 1,748. ದಿನಕ್ಕೆ ಭಾಗಿಸಿದರೆ ಐದು ರೂಪಾಯಿ ಚಿಲ್ಲರೆ. 299ರ ಪ್ಯಾಕ್ ದಿನಕ್ಕೆ ಹತ್ತೂವರೆ ದಾಟುತ್ತದೆ. ವರ್ಷಕ್ಕೆ ಸುಮಾರು ಎರಡು ಸಾವಿರ ಉಳಿಯಿತು. ದರ ಆಗಾಗ ಬದಲಾಗುವುದರಿಂದ ಹಾಕಿಸುವ ದಿನ ಒಮ್ಮೆ ನೋಡಿಕೊಳ್ಳಿ.

ಅಂಗಡಿಯಲ್ಲಿ ನಂಬರ್ ಹೇಳಿದ ಕೂಡಲೇ ಬೆರಳು ಹೋಗುವುದು ದಿನವೂ ಹಾಕಿ ರೂಢಿಯಾದ ಪ್ಯಾಕಿನ ಮೇಲೆ. ‘ಡೇಟಾ ಬೇಡ, ಮಾತು ಮಾತ್ರ ಇರುವುದನ್ನು ಹಾಕಿ’ ಎಂದು ಬಾಯಿಬಿಟ್ಟು ಹೇಳಬೇಕು. ಕಂಪನಿಯ ಆ್ಯಪ್‌ನಲ್ಲೂ ಇದು ಮೊದಲ ಪುಟದಲ್ಲಿ ಕಾಣುವುದು ಕಡಿಮೆ, ಕೆಳಗೆ ಹುಡುಕಿ. ಇನ್ನೊಂದು ಮಾತು: ಅಮ್ಮನದು ಹಳೆಯ 2ಜಿ ಫೋನಾದರೆ ಜಿಯೋ ಸಿಮ್ ಅದರಲ್ಲಿ ನಡೆಯುವುದಿಲ್ಲ. ಅದಕ್ಕೆ 4ಜಿ ಫೋನೇ ಬೇಕು.

ಪ್ರಶ್ನೆ: ಗಂಗೊಳ್ಳಿಯ ಬೋಟಿನಲ್ಲಿ ದುಡಿಯುತ್ತೇನೆ. ಜೂನ್, ಜುಲೈ ಮೀನುಗಾರಿಕೆ ಬಂದ್, ಕೈಯಲ್ಲಿ ದುಡ್ಡಿಲ್ಲ. ಆದರೆ ಎಲ್ಲರೂ ಮನೆಯಲ್ಲೇ ಇರುವ ಆ ಎರಡು ತಿಂಗಳೇ ಮೊಬೈಲಿಗೆ ಖರ್ಚು ಹೆಚ್ಚು. ಮನೆಯಲ್ಲಿ ನಾಲ್ಕು ಫೋನ್. ಸಂಜೆಯೊಳಗೆ ಡೇಟಾ ಖಾಲಿ, ಮಕ್ಕಳಿಗೆ ಮತ್ತೆ ಎಕ್ಸ್‌ಟ್ರಾ ಪ್ಯಾಕ್.
– ಮೀನುಗಾರ, ಉಪ್ಪುಂದ

ಉತ್ತರ: ನಿಮ್ಮ ಫೋನಿನಿಂದಲೇ ಶುರು ಮಾಡಿ. ದಿನಕ್ಕೆ 1.5 ಜಿಬಿ ಎಂಬ ಪ್ಯಾಕಿನಲ್ಲಿ ಆ ದಿನ ಉಳಿದ ಡೇಟಾ ರಾತ್ರಿ 12ಕ್ಕೆ ಹೋಯಿತು. ನೆಟ್‌ವರ್ಕ್ ಸಿಗದಷ್ಟು ದೂರ ಕಡಲಿನಲ್ಲಿ ಇರುವಾಗ ದಿನದ ಲೆಕ್ಕದ ಡೇಟಾ ಕಟ್ಟಿಕೊಂಡು ಪ್ರಯೋಜನವಿಲ್ಲ. 84 ದಿನಕ್ಕೆ ಒಟ್ಟಾರೆ ಇಷ್ಟು ಜಿಬಿ ಎಂದು ಕೊಡುವ ಪ್ಯಾಕ್ ನೋಡಿ. ಅದು ಖರ್ಚು ಮಾಡಿದಷ್ಟೇ ಕರಗುತ್ತದೆ.

ಮನೆಯ ಮಟ್ಟಿಗೆ, ನಾಲ್ಕೂ ಫೋನಿಗೆ ದೊಡ್ಡ ಪ್ಯಾಕ್ ಹಾಕುವ ಬದಲು ಒಂದು ಫೈಬರ್ ಸಂಪರ್ಕ ಪಡೆದು, ಫೋನುಗಳಿಗೆ ಸಣ್ಣ ಪ್ಯಾಕ್ ಇಡುವುದು ಅಗ್ಗ. ಫೈಬರ್ ತಿಂಗಳಿಗೆ 400–500 ರೂಪಾಯಿಯ ಆಸುಪಾಸಿನಿಂದ ಶುರುವಾಗುತ್ತದೆ, ಅದರ ಮೇಲೆ 18% ಜಿಎಸ್‌ಟಿ ಪ್ರತ್ಯೇಕ. ಮುರಕಲ್ಲಿನ ದಪ್ಪ ಗೋಡೆಯ ಒಳಗೆ ಸಿಗ್ನಲ್ ಸಿಗದಿದ್ದರೆ ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ವೈಫೈ ಕಾಲಿಂಗ್’ ಆನ್ ಮಾಡಿ. ಕರೆ ವೈಫೈ ಮೂಲಕವೇ ಹೋಗುತ್ತದೆ.

ಇದಾವುದೂ ಬೇಡವೆಂದರೆ ಎರಡು ಕೆಲಸ ಇಂದೇ ಮಾಡಿ. ವಾಟ್ಸ್ಆ್ಯಪ್ ಸೆಟ್ಟಿಂಗ್ಸ್‌ನಲ್ಲಿ ‘ಸ್ಟೋರೇಜ್ ಅಂಡ್ ಡೇಟಾ’ ಒತ್ತಿ, ಮೊಬೈಲ್ ಡೇಟಾದಲ್ಲಿ ಫೋಟೋ, ವಿಡಿಯೋ ತಾನಾಗಿ ಇಳಿಯುವುದನ್ನು ತಪ್ಪಿಸಿ. ಯೂಟ್ಯೂಬ್ ಗುಣಮಟ್ಟವನ್ನು 480ಕ್ಕೆ ಇಳಿಸಿ. ಅಂಗೈಯಗಲದ ಪರದೆಯಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ.

ಪ್ರಶ್ನೆ: ಮಗ ದುಬೈಯಲ್ಲಿದ್ದಾನೆ. ಬ್ಯಾಂಕಿನ ಓಟಿಪಿಗೆಂದು ಇಲ್ಲಿಯ ಸಿಮ್ ಇಟ್ಟುಕೊಂಡಿದ್ದಾನೆ. ಕಡಿಮೆ ಖರ್ಚಿನಲ್ಲಿ ಅದನ್ನು ಉಳಿಸಿಕೊಳ್ಳುವುದು ಹೇಗೆ?
– ಗೃಹಿಣಿ, ನಾಗೂರು

ಉತ್ತರ: ಟ್ರಾಯ್ ನಿಯಮದಂತೆ 90 ದಿನ ಒಂದೂ ಬಳಕೆ ಇಲ್ಲದಿದ್ದರೆ ಮಾತ್ರ ಪ್ರಿಪೇಯ್ಡ್ ನಂಬರನ್ನು ರದ್ದು ಮಾಡಬಹುದು. ಆಗಲೂ ಖಾತೆಯಲ್ಲಿ 20 ರೂಪಾಯಿ ಬ್ಯಾಲೆನ್ಸ್ ಇದ್ದರೆ ಅದನ್ನು ಕಡಿದುಕೊಂಡು 30 ದಿನ ನಂಬರ್ ಉಳಿಸಬೇಕು. ಆದರೆ ಹೀಗೆ ನಂಬರ್ ಉಳಿಯುತ್ತದೆಯೇ ಹೊರತು ಓಟಿಪಿ ಬಂದೇ ಬರುತ್ತದೆ ಎನ್ನುವಂತಿಲ್ಲ. ವ್ಯಾಲಿಡಿಟಿ ಮುಗಿದರೆ ಒಳಬರುವ ಸೇವೆಯೂ ನಿಲ್ಲಬಹುದು. ಓಟಿಪಿ ಬೇಕೇ ಬೇಕು ಎಂದಾದರೆ ಮೇಲೆ ಹೇಳಿದ ವರ್ಷದ ಮಾತಿನ ಪ್ಯಾಕ್ ಸಾಕು. ಅದನ್ನು ಹಾಕುವ ಮುನ್ನ ಅಲ್ಲಿ ರೋಮಿಂಗ್‌ನಲ್ಲಿ ಎಸ್ಸೆಮ್ಮೆಸ್ ಬರುತ್ತದೆಯೇ ಎಂದು ಕಂಪನಿಯನ್ನು ಕೇಳಿಕೊಳ್ಳಿ. ಡೇಟಾ ರೋಮಿಂಗ್ ಆಫ್ ಇರಲಿ. ಆ ಸಿಮ್‌ಗೆ ಬರುವ ಕರೆ ಎತ್ತಿದರೂ ದುಡ್ಡು ಹೋಗುತ್ತದೆ.

ಇನ್ನೂ ಗಟ್ಟಿ ದಾರಿಯೆಂದರೆ, ಎನ್‌ಆರ್‌ಇ ಅಥವಾ ಎನ್‌ಆರ್‌ಒ ಖಾತೆಗೆ ದುಬೈ ನಂಬರನ್ನೇ ಜೋಡಿಸಲು ಬ್ಯಾಂಕಿನಲ್ಲಿ ವಿಚಾರಿಸುವುದು. ಯುಎಇ, ಸೌದಿ, ಒಮಾನ್, ಕತಾರ್ ಸೇರಿ 10 ದೇಶಗಳ ನಂಬರಿನಲ್ಲಿ ಯುಪಿಐ ಬಳಸಲು 2023ರಲ್ಲೇ ಅವಕಾಶ ಸಿಕ್ಕಿದೆ. ಸಿಮ್ ಬಿಟ್ಟುಬಿಡುವುದಾದರೆ ಮೊದಲು ಬ್ಯಾಂಕ್, ಆಧಾರ್‌ನಿಂದ ಆ ನಂಬರ್ ತೆಗೆಸಿ. ರದ್ದಾದ ನಂಬರ್ ಮುಂದೆ ಬೇರೆಯವರ ಕೈಗೆ ಹೋಗುತ್ತದೆ.

ಪ್ರಶ್ನೆ: ಏನೂ ಮಾಡದೆ ಬ್ಯಾಲೆನ್ಸ್ ಕಟ್ ಆಗುತ್ತಿದೆ.
– ವಿದ್ಯಾರ್ಥಿನಿ, ಬಿಜೂರು

ಉತ್ತರ: ಕಾಲರ್ ಟ್ಯೂನ್, ಆಟ, ಜ್ಯೋತಿಷ್ಯ ಇಂಥ ಯಾವುದೋ ಸೇವೆ ಗೊತ್ತಿಲ್ಲದೆ ಸೇರಿಕೊಂಡಿರುತ್ತದೆ. 155223ಕ್ಕೆ ಕರೆ ಮಾಡಿ ನಿಲ್ಲಿಸಿ. ಒಪ್ಪಿಗೆಯಿಲ್ಲದೆ ಕಡಿದಿದ್ದರೆ 198ಕ್ಕೆ ದೂರು ಕೊಟ್ಟು, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.

ಪ್ರಶ್ನೆ: ಬಿಎಸ್‌ಎನ್‌ಎಲ್ ಅಗ್ಗ ಎನ್ನುತ್ತಾರೆ. ಪೋರ್ಟ್ ಮಾಡಲೇ?
– ಅಂಗಡಿ ಮಾಲೀಕ, ಕಂಬದಕೋಣೆ

ಉತ್ತರ: ದರ ಏರಿಕೆಯ ಆ ಜುಲೈಯಲ್ಲಿ ಬಿಎಸ್‌ಎನ್‌ಎಲ್ ಏರಿಸಲಿಲ್ಲ, ಅದು ನಿಜ. ಆದರೆ ಹೆದ್ದಾರಿ ಬದಿಯಲ್ಲಿ ಸಿಗುವ ಸಿಗ್ನಲ್ ಕೊಲ್ಲೂರು ಕಡೆಯ ಕಾಡಂಚಿನಲ್ಲಿ ಸಿಗಬೇಕೆಂದಿಲ್ಲ. ಮೊದಲು ಹೊಸ ಸಿಮ್ ಒಂದನ್ನು ಎರಡನೆಯದಾಗಿ ಹಾಕಿ ಅಂಗಡಿಯಲ್ಲಿ, ಮನೆಯ ಒಳಕೋಣೆಯಲ್ಲಿ, ನೀವು ದಿನವೂ ಓಡಾಡುವ ದಾರಿಯಲ್ಲಿ ನೋಡಿ. ಸರಿಯೆನಿಸಿದರೆ ‘ಪೋರ್ಟ್’ ಪದವನ್ನು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು ನಿಮ್ಮ ನಂಬರ್ ಹಾಕಿ 1900ಕ್ಕೆ ಕಳಿಸಿ. ಬರುವ ಕೋಡ್ 4 ದಿನ ಊರ್ಜಿತ. ಹಳೆಯ ಕಂಪನಿಯಲ್ಲಿ 90 ದಿನ ಆಗಿರಬೇಕು. ಹಳೆಯ ಪ್ಯಾಕಿನಲ್ಲಿ ಉಳಿದದ್ದು ಹೊಸ ಕಡೆಗೆ ಬರುವುದಿಲ್ಲ, ಆದ್ದರಿಂದ ವ್ಯಾಲಿಡಿಟಿ ಮುಗಿಯುವ ಹೊತ್ತಿಗೆ ಹೊರಡಿ.

ಎಲ್ಲರಿಗೂ ಒಂದು ಮಾತು: ಪ್ಯಾಕಿನ ಬೆಲೆಯನ್ನು ಅದರ ದಿನಗಳಿಂದ ಭಾಗಿಸಿ, ಕಳೆದ ತಿಂಗಳು ನೀವು ನಿಜಕ್ಕೂ ಬಳಸಿದ ಡೇಟಾ ಎಷ್ಟೆಂದು ಫೋನಿನಲ್ಲೇ ನೋಡಿ, ಆಮೇಲೆ ದುಡ್ಡು ಕೊಡಿ. ಮನೆಯ ಹಿರಿಯರ ಫೋನಿನ ಲೆಕ್ಕವನ್ನು ಮೊದಲು ನೋಡಿ. ಹೆಚ್ಚು ಉಳಿಯುವುದು ಅಲ್ಲೇ.